ಬೀಸುಬಲೆಗೆ ಸೀಸದ ಬದಲು ಯಾವ ಗುಂಡನ್ನು ಮನೆಯಲ್ಲೇ ಎರಕ ಹೊಯ್ಯಬಹುದು?

ಪ್ರಶ್ನೆ (ಸದಾಶಿವಗಡ)
ಕಾಳಿ ನದಿಯ ಅಳಿವೆಯಲ್ಲಿ ಬೀಸುವ ನನ್ನ ಬಲೆಯ ಅಂಚಿನಲ್ಲಿ ಸುಮಾರು ನಾಲ್ಕು ಕಿಲೋ ಸೀಸದ ಗುಂಡುಗಳಿವೆ. ಕಳಚಿ ಬಿದ್ದವುಗಳ ಜಾಗಕ್ಕೆ ತಂದೆಯವರು ಹಿತ್ತಲ ಒಲೆಯಲ್ಲಿ ಹಳೆಯ ಬಾಣಲೆಯಿಟ್ಟು ಸೀಸ ಕರಗಿಸಿ, ಮಣ್ಣಿನ ಅಚ್ಚಿಗೆ ಹೊಯ್ದು ಹೊಸದನ್ನು ಮಾಡುತ್ತಿದ್ದರು. ಸೀಸ ವಿಷ, ಈಗ ಮನೆಯಲ್ಲಿ ಎರಡು ವರ್ಷದ ಮಗುವಿದೆ. ಗುಂಡನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಬಿಗಿಯುವ ಕೆಟ್ಟ ಅಭ್ಯಾಸ ನನಗೂ ಇದೆ. ಅದೇ ಅಚ್ಚಿನಲ್ಲಿ, ಅದೇ ಒಲೆಯಲ್ಲಿ ಎರೆಯಬಹುದಾದ ಬೇರೆ ಲೋಹವಿದೆಯೇ?

ಉತ್ತರ (ಹೊನ್ನಾವರ)
ತವರ ಇದೆ. ನಮ್ಮದು ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಮನೆ, ಆದ್ದರಿಂದ ಅದರ ಗುಣ ಬಲ್ಲೆ. ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಬೇಕು, ತವರಕ್ಕೆ 232 ಸಾಕು. ಆದರೆ ಬೆಲೆ ಸೀಸಕ್ಕಿಂತ ಬಹಳ ಹೆಚ್ಚು. ಸೀಸದ ಸಾಂದ್ರತೆ 11.34, ತವರದ್ದು 7.3 ಆಗಿರುವುದರಿಂದ ಅದೇ ಅಚ್ಚಿನ ಗುಂಡು ಮೂರನೇ ಎರಡು ಪಾಲೂ ತೂಗುವುದಿಲ್ಲ. ಅಂಚು ನಿಧಾನವಾಗಿ ಇಳಿದು, ಅಡಿಯಿಂದ ಮೀನು ನುಸುಳುತ್ತದೆ. ಅಚ್ಚನ್ನು ದೊಡ್ಡದು ಮಾಡಲೇಬೇಕು. ಬೆಸುಗೆ ತಂತಿಯನ್ನು ತವರವೆಂದು ಕರಗಿಸಬೇಡಿ, ಸಾಮಾನ್ಯವಾಗಿ ಸಿಗುವ ಅರವತ್ತು-ನಲವತ್ತರ ತಂತಿಯಲ್ಲಿ ನಲವತ್ತು ಪಾಲು ಸೀಸವೇ. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಕರಗಿದ ಲೋಹ ಮುಖಕ್ಕೆ ಸಿಡಿಯುತ್ತದೆ. ನಮ್ಮ ಮಳೆಗಾಲದಲ್ಲಿ ಒಣಗಿದಂತೆ ಕಾಣುವ ಮಣ್ಣನ್ನೂ ಒಲೆಯ ಪಕ್ಕದಲ್ಲಿಟ್ಟು ಕಾಯಿಸಿದ ಮೇಲೆಯೇ ನಂಬಬೇಕು.

ಉತ್ತರ (ಕುಮಟಾ)
ನಾನಾದರೆ ಎರಕವನ್ನೇ ಬಿಡುತ್ತೇನೆ. ಅಘನಾಶಿನಿಯಲ್ಲಿ ಬೀಸುವ ನನ್ನ ಬಲೆಯ ಅಂಚಿಗೆ ಸತು ಲೇಪಿಸಿದ ಸಣ್ಣ ಕಬ್ಬಿಣದ ಸರಪಳಿಯನ್ನು ನೈಲಾನ್ ದಾರದಿಂದ ಹೊಲಿದಿದ್ದೇನೆ. ನೀರಿನೊಳಗೆ ಸೀಸದಷ್ಟೇ ಭಾರ ಬರಲು ಒಂದೂವರೆ ಪಟ್ಟು ಗಾತ್ರದ ಕಬ್ಬಿಣ ಬೇಕು, ಆದರೂ ಭಾರ ಅಂಚಿನುದ್ದಕ್ಕೂ ಸಮನಾಗಿ ಹಂಚಿಕೊಳ್ಳುವುದರಿಂದ ಬಲೆ ಚೆನ್ನಾಗಿ ಅರಳುತ್ತದೆ. ಉಪ್ಪುನೀರಿನಿಂದ ಬಂದೊಡನೆ ಸಿಹಿನೀರಿನಲ್ಲಿ ತೊಳೆಯದಿದ್ದರೆ ತುಕ್ಕು ಹಿಡಿಯುತ್ತದೆ, ಅದೊಂದೇ ಕಿರಿಕಿರಿ. ಇಂಗ್ಲೆಂಡಿನಲ್ಲಿ ಹಂಸಗಳು ಗಾಳದ ಸೀಸ ನುಂಗಿ ಸಾಯುತ್ತಿದ್ದುದರಿಂದ 1987ರಲ್ಲೇ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿದರು. ನಾವಿನ್ನೂ ಬಳಚು (ತಿನ್ನುವ ಚಿಪ್ಪುಮೀನು) ಆಯುವ ಕೆಸರಿನಲ್ಲೇ ಅವನ್ನು ಉದುರಿಸುತ್ತಿದ್ದೇವೆ.

ಪ್ರಶ್ನೆ ಕೇಳಿದವರು
ಸರಪಳಿಯನ್ನೇ ಹೊಲಿಯುತ್ತೇನೆ. ಬಿಚ್ಚಿದ ಸೀಸವನ್ನೂ, ತಂದೆಯವರು ಕೂಡಿಟ್ಟ ಹಳೆಯ ಬ್ಯಾಟರಿಯ ತಗಡುಗಳನ್ನೂ ಏನು ಮಾಡಲಿ?

ಉತ್ತರ (ಹೊನ್ನಾವರ)
ಬ್ಯಾಟರಿಯ ತಗಡನ್ನು ಖಂಡಿತ ಕರಗಿಸಬೇಡಿ, ಅದರಲ್ಲಿ ಆಮ್ಲವೂ ಸೀಸದ ಪುಡಿಯೂ ಇರುತ್ತವೆ. ಎರಡನ್ನೂ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ, ಹಳೆಯ ಬ್ಯಾಟರಿ ಕೊಳ್ಳುವ ಅಂಗಡಿಗೆ ಕೊಡಿ. ಆ ಬಾಣಲೆ ಮತ್ತೆ ಅಡುಗೆಮನೆಗೆ ಹೋಗಬಾರದು. ಒಲೆಯ ಸುತ್ತಲಿನ ಬೂದಿಯನ್ನು ಒಣಗಿದ್ದಾಗ ಗುಡಿಸಿದರೆ ಧೂಳೇಳುತ್ತದೆ. ನೀರು ಚಿಮುಕಿಸಿ ಬಳಿದು ತೆಗೆಯಿರಿ, ಅಲ್ಲಿಯವರೆಗೆ ಮಗುವನ್ನು ಹಿತ್ತಲಿಗೆ ಬಿಡಬೇಡಿ.