ಬದುವಿನಲ್ಲಿ ಗೌಜಲಹಕ್ಕಿ ಗೂಡು, ಏನು ಮಾಡಲಿ?

ಹೊಳಲ್ಕೆರೆ ಹೊಲದಮನೆ:
ನಮ್ಮಜ್ಜ ಬೇಟೆಗಾರರು. ಸಾಕಿದ ಗೌಜಲವನ್ನು ಬೆಳಗಿನ ಜಾವ ಪಂಜರದ ಸಮೇತ ಬದುವಿನ ಮೇಲಿಟ್ಟು ಕೂಗಿಸಿ, ಜಗಳಕ್ಕೆ ಬಂದ ಗಂಡುಹಕ್ಕಿಯನ್ನು ಉರುಲಿಗೆ ಬೀಳಿಸುತ್ತಿದ್ದರು. ಜಾಡು ಹಿಡಿಯುವ ಆ ಕಣ್ಣು ನನಗೂ ಬಂದಿದೆ, ಆದರೆ ನಾನು ಸುಮ್ನೆ ಕೂತು ನೋಡುತ್ತೇನೆ ಅಷ್ಟೆ. ಮೊನ್ನೆ ಹುಲ್ಲಿನ ಬುಡದಲ್ಲಿ ಏಳು ಮೊಟ್ಟೆ ಕಂಡವು, ಕೆನೆ ಬಣ್ಣದವು. ಮುಂದಿನ ವಾರ ಮೆಕ್ಕೆಜೋಳಕ್ಕೆ ಟ್ರ್ಯಾಕ್ಟರ್ ಬರುತ್ತದೆ. ಮೊಟ್ಟೆ ತಂದು ಮನೆ ಕೋಳಿ ಕೆಳಗೆ ಕಾವಿಗಿಡಬಹುದಾ?

ಜಗಳೂರು ಕಡೆಯವ:
ಬೇಡ ಅಣ್ಣ. 1972ರ ವನ್ಯಜೀವಿ ಕಾಯ್ದೆಯಲ್ಲಿ ಗೂಡು, ಮೊಟ್ಟೆ ಕೆದಕಿದರೂ ಬೇಟೆ ಅಂತಲೇ ಲೆಕ್ಕ. ಸುತ್ತ ನಾಲ್ಕು ಮಾರು ಜಾಗ ಬಿಟ್ಟು ಉಳಿದ ಹೊಲ ಉಳುಮೆ ಮಾಡಿಸಿ.

ಹಿರಿಯೂರಿನಿಂದ:
ಕಾವು ಮೂರು ವಾರದೊಳಗೆ ಮುಗಿಯುತ್ತದೆ, ಮರಿಗಳು ಹುಟ್ಟಿದ ಕೂಡಲೇ ತಾಯಿ ಹಿಂದೆ ಓಡುತ್ತವೆ. ಗುರುತಿಗೆ ಅಂತ ಗೂಡಿನ ಪಕ್ಕ ಮಾತ್ರ ಕೋಲು ನೆಡಬೇಡಿ. ನಾನು ನೆಟ್ಟಿದ್ದೆ, ಕಾಗೆ ಅದರ ಮೇಲೇ ಕೂತು ಎಲ್ಲ ಮೊಟ್ಟೆ ಮುಗಿಸಿತು, ಈಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತದೆ.

ಹೊಳಲ್ಕೆರೆ ಹೊಲದಮನೆ:
ಸರಿ, ಮುಟ್ಟುವುದಿಲ್ಲ. ಡ್ರೈವರ್‌ಗೂ ಹೇಳಿದೆ. ಈಗ ತಾನೆ ನೋಡಿ ಬಂದೆ, ಹತ್ತು ಹೆಜ್ಜೆ ದೂರದಲ್ಲಿ ನಿಂತರೂ ಹೆಣ್ಣುಹಕ್ಕಿ ಅಲುಗಲಿಲ್ಲ, ಕಣ್ಣು ಮಾತ್ರ ಮಿಟುಕಿಸಿತು.