ಪುಸ್ತಕ ಎಸೆಯುವ ಹುಡುಗನಿಗೆ ಪ್ಲಾನ್ ಬರೆಯುವುದು ಹೇಗೆ?

ಪ್ರಶ್ನೆ (ಟೀಚರ್, ಮಂಜೇಶ್ವರ ಕಡೆಯವರು):
ನಮ್ಮದು ಕನ್ನಡ ಮಾಧ್ಯಮ ಶಾಲೆ. ಮೂರನೇ ಕ್ಲಾಸಿನಲ್ಲಿ ಆಟಿಸಂ ಇರುವ ಹುಡುಗನೊಬ್ಬ ಇದ್ದಾನೆ. ಬೋರ್ಡ್ ನೋಡಿ ಬರೆಯುವ ಹೊತ್ತಿಗೆ ಪುಸ್ತಕ ಎಸೆಯುತ್ತಾನೆ, ಕೈ ಕಚ್ಚಿಕೊಳ್ಳುತ್ತಾನೆ. ಆಗ ವರಾಂಡದಲ್ಲಿ ಕೂರಿಸುತ್ತೇನೆ. ಒಂದು ತಿಂಗಳಿಂದ ಜಾಸ್ತಿಯೇ ಆಗಿದೆ. ಬಿಆರ್‌ಸಿಯಿಂದ (ಬ್ಲಾಕ್ ರಿಸೋರ್ಸ್ ಸೆಂಟರ್) ಬರುವ ಟೀಚರ್ 'ಬಿಹೇವಿಯರ್ ಸಪೋರ್ಟ್ ಪ್ಲಾನ್ ಬರೆಯೋಣ' ಎಂದರು, ಅಂದರೆ ಇಂಥ ವರ್ತನೆಗೆ ಕಾರಣ ಹುಡುಕಿ ಏನು ಮಾಡಬೇಕೆಂದು ಬರೆದಿಡುವುದು. ಅವರು ಮಲಯಾಳದಲ್ಲಿ ಹೇಳಿದ್ದು ನನಗೆ ಅರ್ಧ ಅರ್ಥವಾಯಿತು. ಎಲ್ಲಿಂದ ಶುರು ಮಾಡಲಿ?

ಉತ್ತರ (ವಿಶೇಷ ಶಿಕ್ಷಕಿ):
ಟೀಚರೇ, ವರಾಂಡಕ್ಕೆ ಹೋದರೆ ಬರೆಯುವುದು ತಪ್ಪುತ್ತದೆ ಅಲ್ವಾ? ಅವನಿಗೆ ಬೇಕಾದದ್ದು ಅದೇ ಆಗಿರಬಹುದು. ಆದರೆ ಸುಮ್ನೆ ಊಹಿಸುವುದು ಬೇಡ. ಒಂದು ವಾರ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ಅವನಿಗೆ ಏನು ಸಿಕ್ಕಿತು. 'ಹಠ ಮಾಡಿದ' ಅಂತ ಬರೆಯಬೇಡಿ. '10.40, ಮೂರನೇ ಸಾಲಿಗೆ ಪೆನ್ಸಿಲ್ ಇಟ್ಟ, ಪುಸ್ತಕ ಎಸೆದ' ಅಂತ ಬರೆಯಿರಿ. ಹೆಚ್ಚಿನ ಸಲ ಕಾರಣ ನಾಲ್ಕರಲ್ಲಿ ಒಂದು: ಕೆಲಸ ತಪ್ಪಿಸಿಕೊಳ್ಳುವುದು, ಯಾರಾದರೂ ನೋಡಲಿ ಅನ್ನುವುದು, ಒಂದು ವಸ್ತು ಬೇಕು ಅನ್ನುವುದು, ಇಲ್ಲವೇ ಮೈಗೆ ಹಿತವಾಗುವುದು.

ಇನ್ನೊಂದು ಮಾತು. ಹಲ್ಲುನೋವು, ಕಿವಿನೋವು, ನಿದ್ದೆ, ಫಿಟ್ಸ್ ಇವನ್ನು ಮೊದಲು ಡಾಕ್ಟರ್ ಹತ್ತಿರ ನೋಡಿಸಿ. ಮಾತು ಕಡಿಮೆ ಇರುವ ಮಗು ನೋವನ್ನು ಹೀಗೂ ತೋರಿಸುತ್ತದೆ.

ಟೀಚರ್:
ಐದು ದಿನ ಬರೆದೆ. ಒಂಬತ್ತು ಸಲ ಆಗಿದೆ, ಅದರಲ್ಲಿ ಏಳು ಸಲ ಬೋರ್ಡಿನಿಂದ ಬರೆಯುವಾಗಲೇ. ಡಾಕ್ಟರ್ ಏನೂ ತೊಂದರೆ ಇಲ್ಲ ಎಂದರು.

ಉತ್ತರ:
ಎಷ್ಟು ಒಳ್ಳೆಯ ಕೆಲಸ ಮಾಡಿದ್ದೀರಿ! ಈಗ ಪ್ಲಾನ್ ಸುಲಭ. ಬೋರ್ಡಿನ ಹತ್ತು ಸಾಲಿನ ಬದಲು ಎರಡೇ ಸಾಲು ದೊಡ್ಡದಾಗಿ ಬರೆದು ಮೇಜಿನ ಮೇಲೆ, ಅವನ ಕೈಹತ್ತಿರ ಇಡಿ. ಜೊತೆಗೆ ಒಂದು 'ಸಾಕು' ಕಾರ್ಡ್ ಕೊಡಿ, ಸಾಕಾದಾಗ ಪುಸ್ತಕ ಎಸೆಯುವ ಬದಲು ಅದನ್ನು ಎತ್ತಿ ತೋರಿಸಲಿ. ಮನೆಯಲ್ಲಿ ಯಾವ ಭಾಷೆ? ತುಳು ಆದರೆ ಕಾರ್ಡ್ ತೋರಿಸುವಾಗ 'ಯಾವು' (ತುಳುವಿನಲ್ಲಿ 'ಸಾಕು') ಅಂತಲೇ ಹೇಳಿ. ಈ ಕಾರ್ಡಿಗೆ ಒಂದೇ ಪದ ಇರಲಿ. ಅಮ್ಮನೂ ನೀವೂ ಬಿಆರ್‌ಸಿ ಟೀಚರೂ ಅದೇ ಪದ ಬಳಸಬೇಕು.

ಕಾರ್ಡ್ ಎತ್ತಿದ ಕೂಡಲೇ ಎರಡು ನಿಮಿಷ ಬಿಡುವು ಕೊಡಿ, ಮೊದಲ ದಿನಗಳಲ್ಲಿ ತಡ ಮಾಡಲೇಬೇಡಿ. ಪುಸ್ತಕ ಎಸೆದರೆ ಹೊರಗೆ ಕಳಿಸಬೇಡಿ. ಸಮಾಧಾನವಾದ ಮೇಲೆ ಕೈಹಿಡಿದು ಒಂದು ಪದ ಬರೆಸಿ ಮುಗಿಸಿ. ಶುರುವಿನಲ್ಲಿ ಎಸೆಯುವುದು ಸ್ವಲ್ಪ ಜಾಸ್ತಿಯಾಗಬಹುದು, ಹೆದರಬೇಡಿ. ಕೈ ಕಚ್ಚುವಾಗ ಎಳೆದಾಡಬೇಡಿ, ಕಚ್ಚಲು ಮೆತ್ತಗಿನ ರಬ್ಬರ್ ಆಟಿಕೆ ಇಡಿ. ಗಾಯವಾಗುತ್ತಿದ್ದರೆ ಮಾತ್ರ ಪ್ಲಾನ್ ಅನ್ನು ನೀವೊಬ್ಬರೇ ನಡೆಸಬೇಡಿ, ಬಿಆರ್‌ಸಿ ಟೀಚರನ್ನು ಜೊತೆಗಿಟ್ಟುಕೊಳ್ಳಿ.

ಇನ್ನೊಬ್ಬ ತಾಯಿ (ಕುಂಬಳೆ ಕಡೆ):
ಅಕ್ಕಾ, ನನ್ನ ಮಗಳು ಕಿರುಚುತ್ತಾಳೆ ಅಂತ ಶಾಲೆಯವರು 'ಮನೆಯಲ್ಲೇ ಇಟ್ಟುಕೊಳ್ಳಿ' ಎನ್ನುತ್ತಾರೆ. ಹೀಗೆ ಹೇಳಬಹುದಾ? ಅವಳ ವೈಕಲ್ಯದ ಸರ್ಟಿಫಿಕೇಟಿನಲ್ಲಿ 60 ಶೇಕಡಾ ಇದೆ.

ಉತ್ತರ:
ಹಾಗೆ ಹೇಳುವಂತಿಲ್ಲ ತಂಗಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ 40 ಶೇಕಡಾ ಅಥವಾ ಹೆಚ್ಚು ವೈಕಲ್ಯ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲೋ ತಮಗೆ ಬೇಕಾದ ವಿಶೇಷ ಶಾಲೆಯಲ್ಲೋ ಉಚಿತವಾಗಿ ಕಲಿಯುವ ಹಕ್ಕಿದೆ. ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ತಡೆದಿದೆ. ಜಗಳಕ್ಕೆ ಹೋಗುವ ಮೊದಲು ನೀವೂ ಮೂರು ಕಾಲಂ ಬರೆದುಕೊಂಡು ಹೋಗಿ, ಹೆಡ್‌ಮಾಸ್ಟರಿಗೆ ತೋರಿಸಿ. ಎಷ್ಟು ಗಂಟೆಗೆ ಕಿರುಚುತ್ತಾಳೆ, ಗಂಟೆ ಬಾರಿಸುವಾಗಲಾ, ಊಟದ ಸಾಲಿನಲ್ಲಾ? ಬರೆದದ್ದನ್ನು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.