ಕ್ಲೀನಿಂಗ್ ಏಜೆನ್ಸಿ ಕಳಿಸುವವರಲ್ಲಿ ಜೀತಕ್ಕೆ ಸಿಲುಕಿದವರನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ರಾತ್ರಿ ಪಾಳಿಗೆ ಕೆಲಸದವರನ್ನು ಏಜೆನ್ಸಿಯೇ ಕಳಿಸುತ್ತದೆ. ಏನನ್ನು ಪರಿಶೀಲಿಸಬೇಕು? ಕೈಗವಸು ಪೂರೈಸುವವರನ್ನೂ ನೋಡಬೇಕೇ?

ಉತ್ತರ 1: ಮೊದಲು ಸಂಬಳದ ಪಟ್ಟಿ ತೆಗೆಯಿರಿ. ಹಲವರ ಹೆಸರಿಗೆ ಒಂದೇ ಬ್ಯಾಂಕ್ ಖಾತೆ, ಒಂದೇ ಫೋನ್ ನಂಬರ್ ಇದ್ದರೆ ಅದೇ ದೊಡ್ಡ ಸುಳಿವು. ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ, ಕೆಲಸಕ್ಕಾಗಿ ಯಾರಿಗೆ ಎಷ್ಟು ಹಣ ಕೊಟ್ಟಿರಿ ಎಂದು ಒಬ್ಬೊಬ್ಬರನ್ನೇ ಅವರ ಭಾಷೆಯಲ್ಲೇ ಕೇಳಿ. ಸೂಪರ್‌ವೈಸರ್ ದುಭಾಷಿಯಾಗಿ ನಿಂತರೆ ಯಾರೂ ಬಾಯಿ ಬಿಡುವುದಿಲ್ಲ.

ಉತ್ತರ 2: ಕೈಗವಸನ್ನು ಖಂಡಿತ ನೋಡಿ. ಮಲೇಷ್ಯಾದ ರಬ್ಬರ್ ಕೈಗವಸು ಕಾರ್ಖಾನೆಗಳಲ್ಲಿ ವಲಸೆ ಕಾರ್ಮಿಕರು ಕೆಲಸ ಕೊಡಿಸುವ ಏಜೆಂಟರಿಗೆ ಶುಲ್ಕ ಕಟ್ಟಲು ಮಾಡಿದ ಸಾಲದಲ್ಲಿ ಸಿಲುಕಿದ್ದು 2020ರ ಹೊತ್ತಿಗೆ ಜಗತ್ತಿಗೇ ಗೊತ್ತಾಯಿತು. ಈ ನೇಮಕಾತಿ ಶುಲ್ಕವನ್ನು ಮಾಲೀಕನೇ ಭರಿಸಬೇಕು ಎಂಬ ಷರತ್ತು ಒಪ್ಪಂದದಲ್ಲಿರಲಿ.

ಉತ್ತರ 3: ಅನುಮಾನ ಬಂದ ಕೂಡಲೇ ಏಜೆನ್ಸಿಯನ್ನು ತರಾಟೆಗೆ ತೆಗೆದುಕೊಳ್ಳಬೇಡಿ, ರಾತ್ರೋರಾತ್ರಿ ಕೆಲಸದವರನ್ನು ಬೇರೆಡೆಗೆ ಸಾಗಿಸಿಬಿಡಬಹುದು. ಮೊದಲು ಪೊಲೀಸರಿಗೆ ತಿಳಿಸಿ.